ಕುದುರೆ ನೆಲ ಕೆರೆಯುವುದೇಕೆ

ಲೋಕ ಇನ್ನೂ ಹಸಿಮಣ್ಣಿನ ಹಾಗಿದ್ದ ಕಾಲ. ಬೆರಳಿಟ್ಟರೆ ನೆಲದಲ್ಲಿ ಗುರುತು ಉಳಿಯುತ್ತಿತ್ತು. ಆಗ ಹುಲ್ಲು ಮಾತಾಡುತ್ತಿತ್ತು.

ಒಂದು ಹಳ್ಳ. ಈಚೆಗೊಂದು ದಿಬ್ಬ, ಆಚೆಗೊಂದು ದಿಬ್ಬ. ಕುದುರೆ ಕಾಯುವ ಮಾಳಿ ತನ್ನ ಹಿಂಡನ್ನು ಒಮ್ಮೆ ಈಚೆ, ಒಮ್ಮೆ ಆಚೆ ಮೇಯಿಸುತ್ತಿದ್ದಳು. ಯಾವಾಗ ದಾಟಬೇಕೆಂದು ತಿಳಿಯಲು ಅವಳಿಗೊಂದು ಅಳತೆಯಿತ್ತು. ಬೆಳಿಗ್ಗೆ ಎದ್ದು ಹುಲ್ಲಿನ ನಡುವೆ ಮುಷ್ಟಿ ಇಡುವಳು. ಹುಲ್ಲು ಮುಷ್ಟಿಯನ್ನು ಮುಚ್ಚಿದರೆ ಇರಬಹುದು. ಮುಷ್ಟಿ ಕಂಡರೆ ಹೊರಡಬೇಕು.

ಅಳತೆ ಹೇಳಿಕೊಟ್ಟದ್ದು ಹುಲ್ಲೇ. "ಹಸು ನಾಲಿಗೆ ಸುತ್ತಿ ಕೀಳುತ್ತದೆ, ಬುಡ ಉಳಿಯುತ್ತದೆ. ನಿನ್ನ ಕುದುರೆಗೆ ಮೇಲೂ ಹಲ್ಲು, ಕೆಳಗೂ ಹಲ್ಲು. ಕತ್ತರಿ ಹಾಕಿದ ಹಾಗೆ ನೆಲದವರೆಗೂ ಬರುತ್ತದೆ. ನನ್ನ ಬುತ್ತಿ ಇರುವುದು ಬುಡದಲ್ಲಿ ತಾಯಿ. ಒಂದು ಮುಷ್ಟಿ ಬಿಟ್ಟು ಹೋಗು. ನೀನು ತಿರುಗಿ ಬರುವಷ್ಟರಲ್ಲಿ ಎದ್ದಿರುತ್ತೇನೆ."

ಹಾಗೇ ನಡೆದಿತ್ತು.

ಒಮ್ಮೆ ಈಚೆ ದಿಬ್ಬದಲ್ಲಿ, ಬೂದಿ ಎಂಬ ಹಿಂಡಿನ ಹಿರಿಯ ಹೆಣ್ಣುಕುದುರೆ ಮರಿ ಹಾಕಿತು. ಮರಿಯ ಮುಂಗಾಲು ಸೊಟ್ಟಗಿತ್ತು. ಮಾಳಿ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ದಿನವೂ ನೀವಿದಳು.

ಮುಷ್ಟಿ ಕಂಡಿತು. ಹಳ್ಳ ಕರೆಯಿತು. "ಏನವ್ವ ಮಾಳಿ, ಹೊರಡಲ್ವಾ? ನೀರು ಮೊಣಕಾಲಿಗೂ ಇಲ್ಲ."

"ಮರಿ ನಡೆಯಲಾರದು."

"ಹೊತ್ಕೊ."

"ಇದೇನು ಕುರಿಮರಿಯೇನೋ, ಕಂಕುಳಲ್ಲಿ ಇಟ್ಕೊಳ್ಳೋಕೆ? ಮರಿ ಬಿಟ್ಟು ಬೂದಿ ಬರಲ್ಲ. ಬೂದಿ ಬಿಟ್ಟು ಹಿಂಡು ಬರಲ್ಲ."

"ಕಾಲು ನೆಟ್ಟಗಾಗಲಿ ಮಾಳಿ," ಎಂದಿತು ಬೂದಿ. "ಆಮೇಲೆ ಹೋಗೋಣ."

ಮರುದಿನ ಮಾಳಿ ಮುಷ್ಟಿಯನ್ನು ಇಡಲಿಲ್ಲ, ಒತ್ತಿದಳು. ಹಸಿ ನೆಲ. ಕೈ ಇಳಿಯಿತು.

"ನೋಡು, ಮುಚ್ಚಿದೆ," ಎಂದಳು.

"ಮುಚ್ಚಿದ್ದು ಮಣ್ಣು, ನಾನಲ್ಲ," ಎಂದಿತು ಹುಲ್ಲು.

ಮರುದಿನ ಇನ್ನಷ್ಟು ಒತ್ತಿದಳು. ಮಣಿಕಟ್ಟು ಮುಳುಗಿತು.

"ಮಾಳಿ, ನಿನ್ನ ಕುದುರೆಗಳು ನನ್ನ ಬುತ್ತಿ ತಿನ್ನುತ್ತಿವೆ."

"ಇವತ್ತೊಂದು ದಿನ."

"ಮಾಳಿ, ಬೇರಿಗೆ ಬಂತು."

"ಇವತ್ತೊಂದು ದಿನ ಕಣೇ."

ಆಮೇಲೆ ಹುಲ್ಲು ಮಾತಾಡಲಿಲ್ಲ. ನೆಲದೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಿತು.

ಮರಿಯ ಕಾಲು ನೆಟ್ಟಗಾಯಿತು. ಮರಿ ಕುಣಿಯಿತು. ಅದೇ ಸಂಜೆ ಮಳೆ ಬಂತು. ಹಿಂದೆಲ್ಲ ದಿಬ್ಬ ಮಳೆಯನ್ನು ಕುಡಿಯುತ್ತಿತ್ತು. ಈಗ ದಿಬ್ಬ ಬೋಳು. ನೀರು ನಿಲ್ಲಲಿಲ್ಲ, ಮಣ್ಣನ್ನೂ ಎತ್ತಿಕೊಂಡು ಓಡಿತು. ಹಳ್ಳ ಕೆಂಪಾಗಿ ಉಕ್ಕಿತು.

"ದಾರಿ ಬಿಡೋ!" ಎಂದು ಮಾಳಿ ಕೂಗಿದಳು.

"ನಾನೇನು ಮಾಡಲಿ? ನಿನ್ನ ದಿಬ್ಬವೇ ನನ್ನ ಮೈಮೇಲೆ ಬಂದಿದೆ."

ಆಚೆ ದಿಬ್ಬದ ಹುಲ್ಲು ಕುತ್ತಿಗೆಯೆತ್ತರ ತೂಗುತ್ತಿತ್ತು. ಈಚೆ ಬೂದಿಯ ಕೆಚ್ಚಲು ಬತ್ತಿತು. ಮರಿ ನೆಟ್ಟಗಾದ ಕಾಲನ್ನು ಮಡಿಸಿ ಮಲಗಿತು. ಮತ್ತೆ ಏಳಲಿಲ್ಲ.

ಹಳ್ಳ ಇಳಿದಾಗ ಹಸಿದ ಹಿಂಡು ಬೂದಿಯನ್ನು ಬಿಟ್ಟೇ ದಾಟಿತು. ಬೂದಿ ಮರಿಯ ಪಕ್ಕದಲ್ಲಿ ನಿಂತು ಮುಂಗಾಲಿನಿಂದ ನೆಲ ಕೆರೆಯಿತು. "ಹುಲ್ಲೇ, ಬಾಗಿಲು ತೆಗಿ. ಮರಿಗೆ ಹಾಲಿಲ್ಲ."

ಮಾಳಿ ಅಲ್ಲೇ ಕುಳಿತು ನೆಲದ ಮೇಲೆ ಮುಷ್ಟಿ ಇಟ್ಟಳು. ಈ ಸಲ ಒತ್ತಲಿಲ್ಲ. ಅದನ್ನು ಮುಚ್ಚಲು ಒಂದು ಎಸಳೂ ಇರಲಿಲ್ಲ.

ಕಟ್ಟಿಹಾಕಿದ ಕುದುರೆ ಮುಂಗಾಲಿನಿಂದ ನೆಲ ಕೆರೆಯುವುದನ್ನು ನೀನು ನೋಡಿದ್ದೀಯಲ್ಲ ಮಗು, ಅದು ಇಂದಿಗೂ ಆ ಬಾಗಿಲನ್ನೇ ತಟ್ಟುತ್ತಿದೆ. ಒಳಗಿನಿಂದ ಯಾರೂ ಓ ಎನ್ನುವುದಿಲ್ಲ.