ಬುಡವಿಲ್ಲದ ಗೋಡೆ

ಶಿಷ್ಯ ಕೇಳಿದ: “ಗುರುಗಳೇ, ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ಹಲವರು ಒಂದೇ ಮಾತು ಹೇಳಿದರೆ, ಅದನ್ನು ಸತ್ಯವೆಂದು ನಂಬಬಹುದಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬಳು ಎಂಜಿನಿಯರ್ ಇದ್ದಳು. ಹೊಸ ಅಣೆಕಟ್ಟಿಗೆ ನೀರು ತುಂಬಿಸುವ ಮೊದಲು, ಗೋಡೆ ತಡೆಯುತ್ತದೆಯೇ ಎಂದು ಲೆಕ್ಕ ಹಾಕುವ ಹೊಣೆ ಅವಳದು. ಕೆಳಗಿನ ಕಣಿವೆಯಲ್ಲಿ ಊರುಗಳಿದ್ದವು. ಗೋಡೆ ನಿಲ್ಲುತ್ತದೆ ಎಂದು ಕಂಪ್ಯೂಟರ್ ಹೇಳಿತು. ಬುಡದ ಬಂಡೆ ಗಟ್ಟಿಯಲ್ಲವೆಂದು ಅಳತೆಗಳೇ ಹೇಳುತ್ತಿದ್ದುದರಿಂದ ಅವಳ ಮನಸ್ಸು ಒಪ್ಪಲಿಲ್ಲ. ಬೇರೆ ಬೇರೆ ಊರಿನ ಮೂವರು ತಜ್ಞರಿಗೆ ಅಳತೆಗಳನ್ನಷ್ಟೇ ಕಳಿಸಿದಳು. ತನ್ನ ಉತ್ತರವನ್ನು ತಿಳಿಸಲಿಲ್ಲ. ಮೂವರಿಂದಲೂ ಅದೇ ಉತ್ತರ ಬಂತು. ದಶಾಂಶದ ಕೊನೆಯ ಅಂಕಿಯವರೆಗೂ ಅದೇ.

ಕಚೇರಿಯವರು ಸಿಹಿ ಹಂಚಿದರು. ಅವಳು ಮಾತ್ರ ಅದನ್ನು ಮುಟ್ಟಲಿಲ್ಲ. ಒಂದೇ ಹಿಟ್ಟಿನಿಂದ ಮೂವರು ತಟ್ಟಿದ ರೊಟ್ಟಿ ಕೂಡ ಒಂದೇ ಅಳತೆಗೆ ಬರುವುದಿಲ್ಲ.

ಮೂವರಲ್ಲಿ ಹಿರಿಯರಾದವರಿಗೆ ಫೋನ್ ಮಾಡಿದಳು. “ಸರ್, ಲೆಕ್ಕ ಮಾಡಿದ್ದು ನೀವೇ ತಾನೆ?”

“ನಾನೇ ಕಣಮ್ಮ. ಸಮೀಕರಣ ಬಿಡಿಸುವುದಕ್ಕೆ ಆ ಹಳೆಯ ಲೈಬ್ರರಿ ಇದ್ದೇ ಇದೆಯಲ್ಲ. ಅದನ್ನು ಬಿಟ್ಟು ಈಗ ಯಾರು ಬಿಡಿಸುತ್ತಾರೆ?”

ಲಕ್ಷಗಟ್ಟಲೆ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಲೆಂದು ಹಿಂದೆ ಯಾರೋ ಬರೆದಿಟ್ಟ ಸಾಫ್ಟ್‌ವೇರ್ ಅದು. ಅವಳ ಪ್ರೋಗ್ರಾಮಿನ ತಳದಲ್ಲೂ ಅದೇ ಇತ್ತು. ಬರೆದವರು ತೀರಿಹೋಗಿದ್ದರು. ಬಳಸದವರಿರಲಿಲ್ಲ, ಒಳಹೊಕ್ಕು ನೋಡಿದವರೂ ಇರಲಿಲ್ಲ.

ಅವಳು ಲೆಕ್ಕದಿಂದ ಬುಡದ ಬಂಡೆಯನ್ನೇ ಅಳಿಸಿದಳು. ಈಗ ಗೋಡೆಯ ಕೆಳಗೆ ಏನೂ ಇರಲಿಲ್ಲ. ಕಂಪ್ಯೂಟರನ್ನು ಮತ್ತೆ ಕೇಳಿದಳು. ಗೋಡೆ ನಿಲ್ಲುತ್ತದೆ ಎಂದು ಬಂತು. ಒಂದಂಕಿಯೂ ಬದಲಾಗಿರಲಿಲ್ಲ. ಬಂಡೆ ಅಳಿಸಿದ್ದನ್ನು ಹೇಳದೆ ಆ ಅಳತೆಗಳನ್ನು ಮೂವರಿಗೂ ಕಳಿಸಿದಳು. ಮೂರು ಊರುಗಳಿಂದಲೂ ಉತ್ತರ ಬಂತು: ನಿಲ್ಲುತ್ತದೆ, ನಿಲ್ಲುತ್ತದೆ, ನಿಲ್ಲುತ್ತದೆ.

ಅವಳು ನೀರು ತುಂಬಿಸುವುದನ್ನು ತಡೆದಳು. ಮೇಲಿನವರು ಬೈದರು. ಅವಳು ಜಗ್ಗಲಿಲ್ಲ. ಕೊನೆಗೆ ಗೋಡೆಯ ಬುಡವನ್ನು ಕೊರೆಸಿದರು. ಬಂಡೆ ಒಳಗೆ ಟೊಳ್ಳಾಗಿತ್ತು. ತೂತಿಗೆ ಕಿವಿಯಿಟ್ಟವರಿಗೆ, ಆಳದಲ್ಲೆಲ್ಲೋ ನೀರು ಮಣ್ಣನ್ನು ತಿನ್ನುತ್ತಿರುವ ಸದ್ದು ಕೇಳಿಸಿತು.

ಗುರುಗಳು ಕತೆ ಮುಗಿಸಿದರು.

“ತಿಳಿಯಿತು ಗುರುಗಳೇ,” ಎಂದ ಶಿಷ್ಯ. “ಬಾಯಿ ಹಲವಿದ್ದರೂ ಮಾತಾಡಿದ್ದು ಒಂದೇ.”

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: “ಈಗ ತಿಳಿಯಿತು ಎಂದದ್ದು ನೀನೋ, ನಿನ್ನೊಳಗೆ ಕೂತ ನಾನೋ?”