ದನಿಗಳ್ಳನಿಗೆ ಕಟ್ಟಿದ ಗಾಳಿಗಂಟೆ

ಹತ್ತಿರ ಬನ್ನಿ, ಒತ್ತಿಕೊಂಡು ಕೂತುಕೊಳ್ಳಿ. ಹೆದರಿಕೆಯಾದರೆ ಹೇಳಿ, ದೀಪ ದೊಡ್ಡದು ಮಾಡುತ್ತೇನೆ. ಕಥೆ ಮಾತ್ರ ನಿಲ್ಲಿಸುವುದಿಲ್ಲ.

ಒಂದು ರಾಜ್ಯ. ಅದರ ಅಂಚಿನಲ್ಲೊಂದು ಊರು. ಆ ಊರಿಗೊಬ್ಬ ದನಿಗಳ್ಳ ಗಂಟುಬಿದ್ದಿದ್ದ. ಅವನಿಗೆ ಮೈಯಿಲ್ಲ, ಬರೀ ನೆರಳು. ಹಗಲೆಲ್ಲ ಗೋಡೆಗೆ ಆತು ನಿಂತು ಮನೆಯವರ ಮಾತು ಕೇಳುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಬಂದು ಅದೇ ದನಿಯಲ್ಲಿ ಕರೆಯುತ್ತಿದ್ದ. ಬಾಗಿಲು ತೆಗೆದವರು ಅವನ ಹಿಂದೆಯೇ ನಡೆದುಬಿಡುತ್ತಿದ್ದರು, ಮರಳಿ ಬರುತ್ತಿರಲಿಲ್ಲ. ಅವನನ್ನು ಹಿಡಿಯಲು ರಾಜ ಸೈನಿಕರನ್ನು ಕಳಿಸಿದ. ಕಳ್ಳ ಅವರ ದಳಪತಿಯದೇ ದನಿಯಲ್ಲಿ ಕರೆದ, ಆ ಶೂರರೆಲ್ಲ ಸಾಲುಗಟ್ಟಿ ಹೊರಟುಹೋದರು!

ಆ ಊರಲ್ಲಿ ಸಂಕವ್ವ ಎಂಬುವಳಿದ್ದಳು. ಅವಳ ಗಂಡ ಕರಿಯಣ್ಣನೂ ಹಾಗೆಯೇ ಹೋದವನು. ಕೆರೆ ಏರಿಯ ಮೇಲೆ ಅವನ ಚಪ್ಪಲಿ ಸಿಕ್ಕಿತು, ಅವನು ಸಿಗಲಿಲ್ಲ. ಈಗ ಸಂಜೆಯಾದರೆ ಅವಳ ಬಾಗಿಲಲ್ಲಿ ಕರಿಯಣ್ಣನದೇ ದನಿ.

"ದ್ಯಾವಿ, ಬಾಗ್ಲು ತೆಗಿಯೇ ಮಗಳೇ. ಕಾಲು ನೋಯ್ತದೆ."

"ಅಪ್ಪಯ್ಯ ಬಂದವ್ನೆ ಕಣವ್ವಾ!" ಎಂದು ಪುಟ್ಟ ದ್ಯಾವಿ ಅಗುಳಿಗೆ ಕೈ ಹಾಕುತ್ತಿದ್ದಳು.

"ಅದು ನಿಮ್ಮಪ್ಪ ಅಲ್ಲ ಕಣೇ," ಎಂದು ಸಂಕವ್ವ ಮಗಳನ್ನು ತಬ್ಬಿ ಹಿಡಿಯುತ್ತಿದ್ದಳು. ತಾನು ಕಣ್ಣು ತಪ್ಪಿಸಿದ ಗಳಿಗೆಯಲ್ಲಿ ಮಗು ಅಗುಳಿ ಸರಿಸಿದರೆ ಏನು ಗತಿ?

ಒಂದು ದಿನ ಅವಳ ಕೊಟ್ಟಿಗೆಯ ಕರು ಬೆಳಗಿನಿಂದ ಅರಚುತ್ತಿತ್ತು. ಅಂದು ಸಂಜೆ ಗಂಡನ ದನಿ "ಮಗಳೇ" ಎಂದು ಕರೆದು, ಕೊನೆಗೆ "ಅಂಬಾ" ಎಂದು ಎಳೆಯಿತು. ಸಂಕವ್ವ ಮಗಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. ಆದರೆ ಗುಟ್ಟು ತಿಳಿಯಿತು. ಹಗಲು ಕೇಳಿದ್ದು ಸಂಜೆ ಅವನ ಗಂಟಲಲ್ಲಿ ಕೂರುತ್ತದೆ, ಹಳೆಯದು ಅಷ್ಟಷ್ಟೇ ಅಳಿಯುತ್ತದೆ.

ಮರುದಿನ ಅವಳು ಅಟ್ಟ ಹುಡುಕಿದಳು. ಸವೆದ ಸೌಟು, ತೂತುಬಿದ್ದ ಕಂಚಿನ ಬಟ್ಟಲು, ಬೀಗವಿಲ್ಲದ ಬೀಗದ ಕೈಗಳು, ಮುರಿದ ಕುಡುಗೋಲು. ಒಂದೊಂದನ್ನೂ ತಟ್ಟಿ ನೋಡಿ, ಸದ್ದು ಚೆನ್ನಾಗಿದ್ದುದನ್ನು ಹುರಿಯಲ್ಲಿ ಕಟ್ಟಿ, ಹಳೇ ಜರಡಿಯ ಬಳೆಗೆ ತೂಗುಬಿಟ್ಟಳು. ಒತ್ತಾಗಿ ಕಟ್ಟಿದಾಗ ಸದ್ದೇ ಬರಲಿಲ್ಲ. ಬಿಚ್ಚಿ, ಎಡೆ ಬಿಟ್ಟು ಕಟ್ಟಿ, ಸೂರಿಗೆ ನೇತುಹಾಕಿದಳು. "ಆ ಕಳ್ಳ ತೊಲಗೋವರ್ಗೂ ತುಟಿ ಬಿಚ್ಚಬ್ಯಾಡ," ಎಂದು ಮಗಳಿಗೆ ಹೇಳಿ ತಾನೂ ಬಾಯಿಗೆ ಬೀಗ ಹಾಕಿಕೊಂಡಳು. ಗಾಳಿ ಬೀಸಿತು. ಅವಳ ಗೋಡೆ ಬಿಡದೆ ಆತು ನಿಂತ ಕಳ್ಳನಿಗೆ ದಿನವೆಲ್ಲ ಟಿಣ್ ಟಣ್ ಒಂದೇ ಕೇಳಿಸಿತು.

ಮೊದಲ ಸಂಜೆ ಕರಿಯಣ್ಣನ ದನಿಯ ಬೆನ್ನಿಗೇ ಟಿಣ್ ಎಂದಿತು.

ಎರಡನೆಯ ಸಂಜೆ ದನಿ ಚೂರುಚೂರಾಗಿ ಬಂತು. "ಸಂಕೀ... ಟಿಣ್... ಅದನ್ನ ಬಿಚ್ಚೇ... ಟಣ್... ನನ್ನ ದನೀನೂ ಕಳ್ಕಂತೀಯಾ?"

ಸಂಕೀ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಈ ದನಿಯೂ ಅಳಿದರೆ ಅವನದೆಂಬುದು ಏನೂ ಉಳಿಯುವುದಿಲ್ಲ. ಅವಳ ಕೈ ಅಗುಳಿಯ ಮೇಲೆ ಹೋಯಿತು. ಬಾಗಿಲು ತೆಗೆದು ಹೋಗಿಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ? ಅಷ್ಟರಲ್ಲಿ ದ್ಯಾವಿ ಬಂದು ಅವಳ ಕಿರುಬೆರಳು ಹಿಡಿದುಕೊಂಡಳು. ಸಂಕವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಗುಳಿ ಸರಿಸಲಿಲ್ಲ.

ಮೂರನೆಯ ಸಂಜೆ ಗಾಳಿ ನಿಂತಿತ್ತು. ಸೂರಿನ ಸೌಟು ಅಲುಗಲಿಲ್ಲ. ಆದರೂ ಬಾಗಿಲಾಚೆ ಟಿಣ್ ಟಣ್. ಪಕ್ಕದ ಮನೆಯ ಬಾಗಿಲಲ್ಲೂ ಟಿಣ್ ಟಣ್. ಅದಕ್ಕೆ ಯಾರು ಓಗೊಡುತ್ತಾರೆ? ಒಬ್ಬರ ಹೆಸರನ್ನೂ ಕರೆಯಲಾರದೆ ಕಳ್ಳ ಕೆರೆ ಏರಿ ದಾಟಿ ಹೋದ. ಮತ್ತೆ ಬಂದು ಬೇರೆ ದನಿ ಕದಿಯದಿರಲೆಂದು ಮರುದಿನವೇ ಊರವರೆಲ್ಲ ಸೂರಿಗೊಂದು ಗಾಳಿಗಂಟೆ ಕಟ್ಟಿಕೊಂಡರು.

ಕೇಳಿರಲ್ಲ ಮಕ್ಕಳೇ, ನೀತಿ ಇಷ್ಟೇ. ಕದ್ದ ದನಿಯವನ ಆಟ ನಾವು ಬಾಗಿಲು ತೆಗೆಯುವವರೆಗೆ ಮಾತ್ರ. ಹೋದವರ ದನಿ ಎಷ್ಟೇ ಸಿಹಿಯಾಗಿರಲಿ, ಇರುವವರನ್ನು ಬಿಟ್ಟು ಅದರ ಹಿಂದೆ ಹೋಗಬಾರದು.

ಆ ಮೂರನೆಯ ಸಂಜೆ, ಕಳ್ಳ ಹೋಗಿ ಸದ್ದೆಲ್ಲ ಅಡಗಿದ ಮೇಲೆ, ದ್ಯಾವಿ ಕೇಳಿದಳು, "ಅವ್ವಾ, ಅಪ್ಪಯ್ಯ ಇನ್ನು ಕರೆಯಾಕಿಲ್ವಾ?"

"ಇಲ್ಲ ಕಣೇ," ಎಂದಳು ಸಂಕವ್ವ. ಮೂರು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು.