ಕೆಂಚಿ ಕುರಿ ತಲೆ ತಗ್ಗಿಸಿದ್ದು

ಭೂಮಿ ಇನ್ನೂ ಎಳೆಯದಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹಳ್ಳಗಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಕುರಿಗಳು ತಲೆ ಎತ್ತಿಕೊಂಡು ನಡೆಯುತ್ತಿದ್ದವು.

ಕುರಿ ಕಾಯುವ ಮಾಳವ್ವನ ಹಟ್ಟಿಯಲ್ಲಿ ಕೆಂಚಿ ಎಂಬ ಕುರಿಯಿತ್ತು. ಅಷ್ಟು ದಟ್ಟ ಉಣ್ಣೆ ಯಾರಿಗೂ ಇರಲಿಲ್ಲ, ಅಷ್ಟು ಜಂಬವೂ ಯಾರಿಗೂ ಇರಲಿಲ್ಲ. ನಡೆಯುವಾಗ ಅವಳಿಗೆ ಮೋಡ ಕಾಣುತ್ತಿತ್ತು, ನೆಲ ಕಾಣುತ್ತಿರಲಿಲ್ಲ.

ಮಾಗಿಯ ಒಂದು ದಿನ, ಬಿಸಿಲೇರಿದ ಮೇಲೆ ಮಾಳವ್ವ ಕೆಂಚಿಯ ಮೈಯನ್ನು ಹಳ್ಳದಲ್ಲಿ ತೊಳೆದಳು. ಸಂಜೆಗೆ ಮೂಡಣ ಗಾಳಿ ಎದ್ದಿತು.

"ಚಳಿ ಭಾಳ ಐತಿ," ಎಂದಳು ಮಾಳವ್ವ. "ಎಳೇ ಮರಿಗಳನ್ನ ಬುಟ್ಟಿ ಕೆಳಗ ಮುಚ್ಚೀನಿ. ಹೊರಗ ಉಳಿದದ್ದು ಯಾರ ಮರಿ ಬಂದ್ರೂ ಹೊಟ್ಟಿಗೆ ಹಚ್ಕೊಂಡು ಮಲಗ್ರಿ."

ಹಟ್ಟಿಯ ಪದ್ಧತಿಯೇ ಅದು. ಆದರೆ ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ತನ್ನ ಮರಿ ಬುಟ್ಟಿಯ ಕೆಳಗೆ ಬೆಚ್ಚಗಿದೆ ಎಂದುಕೊಂಡು ಕೆಂಚಿ ನಿಶ್ಚಿಂತೆಯಿಂದಿದ್ದಳು.

ಅಷ್ಟರಲ್ಲಿ ಕೆಸರು ಮೆತ್ತಿದ ಮರಿಯೊಂದು ನಡುಗುತ್ತ ಬಂದು ಅವಳ ಹೊಟ್ಟೆಗೆ ಮೂಗು ತಾಗಿಸಿತು. ಚಳಿಗೆ ದವಡೆ ಕಟ್ಟಿ, ಅದಕ್ಕೆ ಕೂಗಲೂ ಆಗಲಿಲ್ಲ.

"ನಿಮ್ಮವ್ವನ ಕಡೆ ಹೋಗು. ನನ್ನ ಉಣ್ಣೆ ಹೊಲಸಾಗ್ತೈತಿ," ಎಂದು ಕೆಂಚಿ ಕೆಳಗೆ ನೋಡದೆಯೇ ಒದ್ದಳು.

ಮರಿ ಮತ್ತೆ ಬಂತು. ಕೆಂಚಿ ಮತ್ತೆ ಒದ್ದಳು.

ಮೂರನೆಯ ಸಲವೂ ಬಂತು. ಮೂರನೆಯ ಸಲವೂ ಒದ್ದಳು. ಆಮೇಲೆ ಬರಲಿಲ್ಲ.

ಬೆಳಿಗ್ಗೆ ಮಾಳವ್ವ ಬುಟ್ಟಿ ಎತ್ತಿದಳು. ಮರಿಗಳೆಲ್ಲ ತಮ್ಮ ತಾಯಂದಿರ ಬಳಿ ಓಡಿದವು. ಕೆಂಚಿಯ ಹತ್ತಿರ ಯಾವುದೂ ಬರಲಿಲ್ಲ.

"ನನ್ನ ಮರಿ ಎಲ್ಲಿ?" ಎಂದು ಕೆಂಚಿ ಕೂಗಿದಳು.

"ನಿನ್ನ ಹಿಂದೆಯೇ ಹಳ್ಳಕ್ಕೆ ಬಂದು ಕೆಸರಿಗೆ ಬಿದ್ದಿತ್ತು," ಎಂದಿತು ಗಾಳಿ. "ನಿನ್ನೆ ಸಂಜೆ ಮೂರು ಸಲ ನಿನ್ನ ಹತ್ತಿರ ಬಂದದ್ದು ಅದೇ."

ಕೆಂಚಿ ಹಟ್ಟಿಯನ್ನೆಲ್ಲ ಹುಡುಕಿದಳು.

ಹಟ್ಟಿಯ ಮೂಲೆಯಲ್ಲಿ ಮುದಿ ಆಡು ಮಲಗಿತ್ತು. ಮೈಮೇಲೆ ನಾಲ್ಕು ಕೂದಲಷ್ಟೇ ಇದ್ದ ಬಡಪಾಯಿ ಅದು. ಅದರ ಹೊಟ್ಟೆಯಡಿಯಿಂದ ಮರಿಯೊಂದು ಎದ್ದಿತು. ಒಣಗಿದ ಕೆಸರು ಉದುರಿ ಹಣೆಯ ಬಿಳಿ ಚುಕ್ಕೆ ಕಂಡಿತು.

"ನಿನ್ನದೇನವ್ವಾ?" ಎಂದಿತು ಆಡು. "ಭಾಳ ನಡಗಾಕತ್ತಿತ್ತು. ಯಾರದಂತ ಕೇಳಲಿಲ್ಲ."

ಆಡು ಒಂದು ಮಾತು ಬೈದಿದ್ದರೂ ಕೆಂಚಿಗೆ ಹಗುರಾಗುತ್ತಿತ್ತು. ಅವಳು ಮರಿಯ ಹತ್ತಿರ ಹೋದಳು. ಮರಿ ಒದೆ ಬೀಳುತ್ತದೆಂದು ಹೆದರಿ ಆಡಿನ ಹಿಂದೆ ಸರಿಯಿತು.

ನಾಚಿಕೆಯಿಂದ ಕೆಂಚಿಯ ತಲೆ ಬಾಗಿತು. ಬಾಗಿ ಬಾಗಿ ಮೂಗು ನೆಲಕ್ಕೆ ತಾಗಿತು. ಹಾಗೆಯೇ ನಿಂತಳು, ಮರಿ ತಾನಾಗಿ ಬರುವವರೆಗೆ. ಬಂದಾಗ ಅದರ ಬಾಲದ ಬುಡವನ್ನು ಮೂಸಿ, ಮತ್ತೊಮ್ಮೆ ಮೂಸಿ, ಆಮೇಲೆ ಹಾಲು ಕೊಟ್ಟಳು.

"ಮಾಳವ್ವಾ, ಈ ಉಣ್ಣೆ ಕತ್ತರಿಸು," ಎಂದಳು. "ನನಗೊಬ್ಬಳಿಗೇ ಇದು ಬ್ಯಾಡ."

ಮಾಳವ್ವ ಅದರಲ್ಲಿ ಕಂಬಳಿ ನೇಯ್ದು ಎಲ್ಲ ಮರಿಗಳ ಮೇಲೂ ಹೊದಿಸಿದಳು. ಮೊದಲು ಹೊದಿಸಿದ್ದು ಆಡಿನ ಮೈಗೆ.

ಅದಕ್ಕೇ ಪುಟ್ಟಾ, ಇವತ್ತಿಗೂ ಕುರಿ ತಲೆ ತಗ್ಗಿಸಿಕೊಂಡೇ ನಡೆಯುತ್ತದೆ, ಮರಿ ಬಂದರೆ ಬಾಲ ಮೂಸಿ ನೋಡದೆ ಹಾಲು ಕೊಡುವುದಿಲ್ಲ. ಕೆಂಚಿಯ ಆ ನಾಚಿಕೆ ಇನ್ನೂ ಹೋಗಿಲ್ಲ.